ಬೆಲ್ಲದ ಪೆಂಟಿಯೊಳಗಿನ ಇರುವೆ ಬರೆದ ಎಂಟು ಕಾರ್ಡು

ಅವ್ವನಿಗೆ ಈಗ ಕಿವಿ ಸರಿಯಾಗಿ ಕೇಳುವುದಿಲ್ಲ. ಭಾನುವಾರ ಬೆಳಗ್ಗೆ ಬಿಬವೇವಾಡಿಯಿಂದ ಗದಗಿಗೆ ಫೋನ್ ಮಾಡಿದರೆ ನಡೆಯುವ ಮಾತು ಪ್ರತಿ ವಾರವೂ ಒಂದೇ.

"ಊಟ ಆತೇನ?"

"ಈಗ ನಾಷ್ಟಾ ಆತವ್ವಾ."

"ಹಾಂ?"

"ಆ...ತು!"

"ಕೂಸು ಏನ್ ಮಾಡಾಕತ್ತೈತಿ?"

ಕೂಸಿಗೆ ಎಂಟು ವರ್ಷ. ಫೋನು ಅವಳ ಕೈಗೆ ಹೋಗುತ್ತದೆ. "ಅಜ್ಜಿ, ಮೀ ಬರೀ ಆಹೆ" ಎಂದು ಅರ್ಧ ಕೂಗಿ, ಅತ್ತಿಂದ "ಹಾಂ?" ಬರುತ್ತಲೇ ನನಗೇ ವಾಪಸ್ ಕೊಡುತ್ತಾಳೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಅವ್ವನಿಗೆ ಮರಾಠಿ ತಿಳಿಯುವುದಿಲ್ಲ, ಕನ್ನಡ ಕೇಳುವುದಿಲ್ಲ. ನಾವು ಕೊಡಿಸಿದ ಕಿವಿಯ ಯಂತ್ರ ಕಪಾಟಿನಲ್ಲಿದೆ. "ಗುಂಯ್ ಅಂತೈತಿ, ತಲಿ ನೋಯ್ತೈತಿ" ಎಂದು ಎತ್ತಿಟ್ಟಿದ್ದಾಳೆ. ಕಣ್ಣು ಮಾತ್ರ ಚೆನ್ನಾಗಿದೆ. ಕನ್ನಡಕ ಹಾಕಿಕೊಂಡು ದಿನಪತ್ರಿಕೆಯನ್ನು ಜಾಹೀರಾತು ಸಹಿತ ಓದಿ ಮುಗಿಸುತ್ತಾಳೆ.

ಅಜ್ಜಿಗೆ ಓದಲು ಬರುತ್ತದೆ, ಕೇಳಲು ಆಗುವುದಿಲ್ಲ. ಮೊಮ್ಮಗಳಿಗೆ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಇವರಿಬ್ಬರ ನಡುವೆ ಏನಾದರೂ ಮಾಡಬೇಕು ಎಂದು ಎಷ್ಟೋ ದಿನದಿಂದ ಅನ್ನಿಸುತ್ತಿತ್ತು. ದಾರಿ ತೋರಿಸಿದ್ದು ನಮ್ಮ ಸೊಸೈಟಿಯ ಪುಸ್ತಕದ ಕಪಾಟಿನಲ್ಲಿ ಸಿಕ್ಕ ಒಂದು ನಾಯಿ.

ನಾಯಿ ಬರೆದ ಕಾಗದ

ನಾಯಿಯ ಹೆಸರು ಐಕ್. ಮಾರ್ಕ್ ಟೀಗ್ ಎಂಬ ಅಮೆರಿಕದ ಚಿತ್ರಕಾರರು ಬರೆದು ಚಿತ್ರಿಸಿದ 'ಲಾರೂ ಅಕ್ರಾಸ್ ಅಮೆರಿಕ' ಎಂಬ 2011ರ ಪುಸ್ತಕದ ನಾಯಕ. ಒಡತಿಯ ಜೊತೆ ಕಾರಿನಲ್ಲಿ ದೇಶ ಸುತ್ತಲು ಹೊರಟಿದ್ದಾನೆ, ಆದರೆ ಕಾರಿನಲ್ಲಿ ನೆರೆಮನೆಯ ಎರಡು ಬೆಕ್ಕುಗಳೂ ಇವೆ. ಊರಿಂದ ಊರಿಗೆ ಹೋಗುತ್ತ ಐಕ್ ಆ ಬೆಕ್ಕುಗಳ ಒಡತಿಗೆ ಕಾರ್ಡು ಬರೆಯುತ್ತಾನೆ. ಇಡೀ ಕಥೆ ಇರುವುದು ಆ ಕಾರ್ಡುಗಳಲ್ಲೇ. ಇದೇ ನಾಯಿಯ ಮೊದಲ ಪುಸ್ತಕ ಬಂದದ್ದು 2002ರಲ್ಲಿ. ಅದರಲ್ಲಿ ಐಕ್‌ನನ್ನು ಶಿಸ್ತು ಕಲಿಸುವ ಶಾಲೆಗೆ ಹಾಕಿರುತ್ತಾರೆ. ತಾನು ಜೈಲಿನಲ್ಲಿ ಕೊಳೆಯುತ್ತಿದ್ದೇನೆ ಎಂದು ಅವನು ಕಾಗದ ಬರೆಯುತ್ತಾನೆ. ಪಕ್ಕದ ಬಣ್ಣದ ಚಿತ್ರದಲ್ಲಿ ನೋಡಿದರೆ ಆರಾಮಾಗಿ ಹಾಯಾಗಿದ್ದಾನೆ! ಕಾಗದ ಹೇಳುವುದು ಒಂದು, ಚಿತ್ರ ತೋರಿಸುವುದು ಇನ್ನೊಂದು. ಮಗಳು ಅದನ್ನು ಕಂಡುಹಿಡಿದು ಬಿದ್ದು ಬಿದ್ದು ನಕ್ಕಳು.

ಕಾಗದಗಳಲ್ಲಿ ಕಥೆ ಹೇಳುವ ಮಕ್ಕಳ ಚಿತ್ರಪುಸ್ತಕಗಳು ಇಂಗ್ಲಿಷಿನಲ್ಲಿ ಬಹಳ ಇವೆ. ಅಲ್‌ಬರ್ಗ್ ದಂಪತಿಯ 'ಜಾಲಿ ಪೋಸ್ಟ್‌ಮನ್' (1986) ಪುಸ್ತಕದಲ್ಲಿ ಹಾಳೆಗಳ ಮಧ್ಯೆ ನಿಜವಾದ ಲಕೋಟೆಗಳೇ ಇದ್ದು, ಮಕ್ಕಳು ಅವುಗಳಿಂದ ಕಾಗದ ತೆಗೆದು ಓದಬೇಕು. ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಸಾರಾ ಸ್ಟೀವರ್ಟ್ ಬರೆದು ಡೇವಿಡ್ ಸ್ಮಾಲ್ ಚಿತ್ರಿಸಿದ 'ದಿ ಗಾರ್ಡನರ್' (1997). ಅದು 1935ರ ಅಮೆರಿಕದ ಕಷ್ಟಕಾಲದ ಕಥೆ. ಮನೆಯಲ್ಲಿ ದುಡಿಮೆ ಇಲ್ಲದೆ, ಒಬ್ಬ ಪುಟ್ಟ ಹುಡುಗಿ ರೈಲು ಹತ್ತಿ ಪಟ್ಟಣದ ಬೇಕರಿಯ ಮಾವನ ಮನೆಗೆ ಹೋಗುತ್ತಾಳೆ. ನಗುವೇ ಇಲ್ಲದ ಆ ಮಾವನ ಮನೆಯ ತಾರಸಿಯಲ್ಲಿ ಹೂಗಿಡ ಬೆಳೆಸುತ್ತ ಊರಿಗೆ, ಅಜ್ಜಿಗೆ, ಕಾಗದ ಬರೆಯುತ್ತಾಳೆ. ಹುಡುಗಿ, ರೈಲು, ಅಜ್ಜಿ! ಇದು ನಮ್ಮ ಮನೆಯದೇ ಕಥೆಯಲ್ಲವೇ ಅನ್ನಿಸಿತು.

ನಮ್ಮಲ್ಲಿಯೂ ಕಾಗದವೇ ಮಕ್ಕಳ ಪುಸ್ತಕವಾದ ಪ್ರಸಿದ್ಧ ಉದಾಹರಣೆ ಇದೆ. 1928ರ ಬೇಸಿಗೆಯಲ್ಲಿ ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಇಂದಿರೆಗೆ ಅಲಹಾಬಾದಿನಿಂದ ನೆಹರೂ ಬರೆದ ಕಾಗದಗಳು ಮರುವರ್ಷವೇ ಪುಸ್ತಕವಾದವು. ಆದರೆ ಅಲ್ಲಿ ಅಪ್ಪ ಹೇಳುತ್ತಾರೆ, ಮಗಳು ಕೇಳುತ್ತಾಳೆ. ನನಗೆ ಬೇಕಿದ್ದದ್ದು ಮಗು ಹೇಳುವ, ಅಜ್ಜಿ ಕೇಳುವ ಪುಸ್ತಕ. ಅಂಗಡಿಯಲ್ಲಿ ಅದು ಸಿಗುವಂಥದ್ದಲ್ಲ, ನಾವೇ ಮಾಡಬೇಕಿತ್ತು.

ಯಾರು ಹೋಗುತ್ತಾರೆ?

"ನಾವೂ ಒಂದು ಮಾಡೋಣ. ಯಾರು ಊರಿಗೆ ಹೋಗಬೇಕು?" ಎಂದು ಕೇಳಿದೆ. ನಾಯಿ, ಬೆಕ್ಕು ಅನ್ನಬಹುದು ಅಂದುಕೊಂಡಿದ್ದೆ. ಅವಳು ಅಡುಗೆಮನೆಯ ಬೆಲ್ಲದ ಡಬ್ಬಿ ತೋರಿಸಿ "ಇರುವೆ" ಅಂದಳು.

ಬಿಬವೇವಾಡಿಯಲ್ಲಿದ್ದವರಿಗೆ ಇದು ಆಶ್ಚರ್ಯವಲ್ಲ. ಮಾರ್ಕೆಟ್ ಯಾರ್ಡ್ ಪಕ್ಕದಲ್ಲೇ ಇದೆ. ಗಂಗಾಧಾಮ ಚೌಕದ ಕಡೆಯಿಂದ ಅಲ್ಲಿಗೆ ಹೋದರೆ ಈರುಳ್ಳಿ, ಹೂವು, ಬೆಲ್ಲ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯುತ್ತದೆ. ಅಲ್ಲಿ ಮೂಟೆ ಹೊರುವವರ ನಡುವೆ ಕಲಬುರಗಿ, ವಿಜಯಪುರದ ಕಡೆಯ ಕನ್ನಡ ಕಿವಿಗೆ ಬೀಳುವುದೂ ಉಂಟು. ಹಾಗಾಗಿ ಕಥೆ ಹೀಗೆ ನಿಂತಿತು. ಮಾರ್ಕೆಟ್ ಯಾರ್ಡಿನಲ್ಲಿ ಒಂದು ಇರುವೆ ಕೊಲ್ಹಾಪುರದ ಬೆಲ್ಲದ ಪೆಂಟಿಯೊಳಗೆ ಸೇರಿಕೊಳ್ಳುತ್ತದೆ. ಆ ಪೆಂಟಿ ರೈಲಿನಲ್ಲಿ ಗದಗಿನ ಅಜ್ಜಿಯ ಮನೆಗೆ ಹೊರಟಿದೆ. ನಿಲ್ದಾಣಕ್ಕೊಂದರಂತೆ ಇರುವೆ ಅಜ್ಜಿಗೆ ಕಾರ್ಡು ಬರೆಯುತ್ತದೆ. ವಾರಕ್ಕೊಂದು ಕಾರ್ಡು. ಮೇ ತಿಂಗಳ ರಜೆಗೆ ನಾವು ನಿಜವಾಗಿ ಊರಿಗೆ ಹೋಗುವ ಹೊತ್ತಿಗೆ ಇರುವೆಯೂ ಊರು ಮುಟ್ಟಬೇಕು.

ಅಂಚೆ ಕಚೇರಿಯ ಕೌಂಟರಿನಲ್ಲಿದ್ದವರು "ಕಾರ್ಡಾ?" ಎಂದು ಒಮ್ಮೆ ನನ್ನ ಮುಖ ನೋಡಿ ಡ್ರಾಯರ್ ಎಳೆದರು. ಒಂದಕ್ಕೆ ಈಗಲೂ ಐವತ್ತೇ ಪೈಸೆ. ಹತ್ತು ರೂಪಾಯಿಗೆ ಇಪ್ಪತ್ತು ಕಾರ್ಡು ತಂದೆವು. 1879ರ ಜುಲೈ 1ರಂದು ಕಾಲಾಣೆಗೆ ಶುರುವಾದ ಈ ಕಾರ್ಡಿನ ಅನುಕೂಲ ಏನೆಂದರೆ, ಒಂದು ಮಗ್ಗುಲು ಪೂರ್ತಿ ಖಾಲಿ. ಅದು ಚಿತ್ರಕ್ಕೆ. ಇನ್ನೊಂದು ಮಗ್ಗುಲಿನ ಬಲಕ್ಕೆ ವಿಳಾಸ, ಎಡಕ್ಕೆ ನಾಲ್ಕೈದು ಸಾಲು. ಎಂಟು ವರ್ಷದ ಮಗುವಿಗೆ ಅದಕ್ಕಿಂತ ಹೆಚ್ಚು ಜಾಗ ಕೊಟ್ಟರೆ ಹೆದರಿಬಿಡುತ್ತದೆ.

ವಿಳಾಸ ಬರೆಯುವಾಗಲೇ ಮೊದಲ ಪಾಠ ಆಯಿತು. "ಈ ಆರು ನಂಬರ್ ಯಾಕೆ?" ಅಂದಳು. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್, ಸರ್ಕಾರಿ ಅಧಿಕಾರಿ, ಜೊತೆಗೆ ಸಂಸ್ಕೃತದ ಕವಿ. ಒಂದೇ ಹೆಸರಿನ ಹತ್ತು ಊರುಗಳು, ಹತ್ತು ಲಿಪಿಗಳಲ್ಲಿ ಬರೆದ ವಿಳಾಸಗಳು ಇರುವ ದೇಶದಲ್ಲಿ ಕಾಗದ ದಾರಿ ತಪ್ಪದಿರಲೆಂದು ಮಾಡಿದ ಉಪಾಯ ಅದು. ಮೊದಲ ಅಂಕಿ ದೇಶದ ವಲಯ, ಮೊದಲ ಮೂರು ಸೇರಿ ಕಾಗದ ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿ. ನಮ್ಮದು 411037, ಅಜ್ಜಿಯದು 582101. "ಅಂದರೆ ನಾಲ್ಕರಿಂದ ಐದಕ್ಕೆ ಹೋಗಬೇಕು, ಅಷ್ಟೇ!" ಅಂದಳು ಮಗಳು. ಆರು ನೂರು ಚಿಲ್ಲರೆ ಕಿಲೋಮೀಟರ್ ದಾರಿ ಅವಳಿಗೆ ಒಂದು ಅಂಕಿಯಷ್ಟು ಹತ್ತಿರವಾಯಿತು.

ಅಕ್ಷರದ ತೊಡಕು

ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ನಂತರ ಎಲ್ಲ ಶಾಲೆಗಳಲ್ಲೂ ಮರಾಠಿ ಕಲಿಯಲೇಬೇಕು. ಅದರಿಂದ ನಮಗೆ ಉಪಕಾರವೇ ಆಯಿತು. ದೇವನಾಗರಿ ಬಲ್ಲ ಮಗುವಿಗೆ ಕನ್ನಡದ ವರ್ಣಮಾಲೆಯ ಕ್ರಮ ಹೊಸದಲ್ಲ. ಕ ಖ ಗ ಘ ಅದೇ ಸಾಲು, ಹೊಸ ಆಕಾರ ಅಷ್ಟೇ. ನಮ್ಮ 'ಳ' ಕೂಡ ಮರಾಠಿಯಲ್ಲಿದೆ. ತೊಡಕು ಎರಡು ಕಡೆ. ಒಂದು, ನಮ್ಮ ಎ-ಏ, ಒ-ಓ. ಮರಾಠಿ ಬರವಣಿಗೆಯಲ್ಲಿ ಆ ಗಿಡ್ಡ-ಉದ್ದದ ಭೇದವಿಲ್ಲ. ಇನ್ನೊಂದು, ಅಕ್ಷರದ ಕೆಳಗೆ ಕೂರುವ ಒತ್ತು. ಅದು ಅವಳಿಗೆ ಕೆಳಗೆ ಬಿದ್ದುಹೋದ ಅಕ್ಷರದಂತೆ ಕಾಣುತ್ತಿತ್ತು.

ಇಲ್ಲಿ ನನ್ನ ತಪ್ಪು ಹೇಳಿಕೊಳ್ಳಬೇಕು. ಮೊದಲ ಮೂರು ಕಾರ್ಡುಗಳನ್ನು ಅವಳು ಬರೆಯಲಿಲ್ಲ, ನಾನು ಬರೆಸಿದೆ. ಮೊದಲನೆಯದು ಮಾರ್ಕೆಟ್ ಯಾರ್ಡು. ಎರಡನೆಯದು ಜೇಜುರಿ, ನೀರಾ ದಾಟಿ ಸಾತಾರಾ. ಮೂರನೆಯದು ಕರಾಡ, ಅಲ್ಲಿ ಕೃಷ್ಣಾ ಮತ್ತು ಕೋಯನಾ ಎದುರುಬದುರಾಗಿ ಬಂದು ಕೂಡುತ್ತವೆ. ಆ ಸಂಗಮಕ್ಕೆ ಪ್ರೀತಿಸಂಗಮ ಎಂದೇ ಹೆಸರು. ಹಾಳೆಯ ಮೇಲೆ ನಾನು ಶುದ್ಧ ಕನ್ನಡದಲ್ಲಿ ಬರೆದುಕೊಟ್ಟೆ, ಅವಳು ನಾಲಗೆ ಕಚ್ಚಿಕೊಂಡು ನಕಲು ಮಾಡಿದಳು. ಅಕ್ಷರ ಕೆಟ್ಟರೆ ಇನ್ನೊಂದು ಕಾರ್ಡು. ಮೂರು ಸರಿಯಾದ ಕಾರ್ಡಿಗೆ ಏಳು ಕಾರ್ಡು ಖರ್ಚಾದವು. ಮೂರನೆಯದರ ಹೊತ್ತಿಗೆ ಅವಳ ಮುಖದಲ್ಲಿ ಹೋಮ್‌ವರ್ಕಿನ ಕಳೆ ಬಂದಿತ್ತು.

ಅತ್ತ ಅವ್ವನಿಂದಲೂ ಸದ್ದಿಲ್ಲ. ಫೋನಿನಲ್ಲಿ "ಕಾರ್ಡು ಬಂತೇನವ್ವಾ?" ಎಂದು ಕೂಗಿದರೆ "ಬಂದಾವ, ಬಂದಾವ. ಊಟ ಆತೇನ?"

ನಾಲ್ಕನೆಯ ವಾರ ಆಫೀಸಿನಲ್ಲಿ ರಿಲೀಸ್ ಇತ್ತು. ಶನಿವಾರ, ಭಾನುವಾರ ಎರಡೂ ದಿನ ಲ್ಯಾಪ್‌ಟಾಪ್ ಮುಂದೆಯೇ ಕೂತೆ. ನಾಲ್ಕನೆಯ ನಿಲ್ದಾಣ ಕಿರ್ಲೋಸ್ಕರವಾಡಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಬಯಲಿನಲ್ಲಿ ಕಟ್ಟಿದ ಕಾರ್ಖಾನೆಯ ಊರು ಅದು. ಅದರ ಬಗ್ಗೆ ಎಷ್ಟೆಲ್ಲ ಬರೆಸಬೇಕೆಂದು ಯೋಚಿಸಿಟ್ಟಿದ್ದೆ. ಸೋಮವಾರ ನೋಡಿದರೆ ಅವಳೇ ಬರೆದು, ಅಮ್ಮನ ಜೊತೆ ಹೋಗಿ ಡಬ್ಬಿಗೆ ಹಾಕಿ ಬಂದಿದ್ದಾಳೆ. ಹೆಂಡತಿ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟಿದ್ದಳು. ಅದರಲ್ಲಿ ಇದ್ದದ್ದು ಇಷ್ಟು:

"ಅಜಿ ನಾನು ಇರುವೆ. ಬೇಲ ತಿಂದೆ. ಹೊಟೆ ನೋವು. ಬಾಬಾ ಬಿಝಿ. ನಿನ ಮನೆ ಎಲಿ."

ಒಂದು ಒತ್ತೂ ಇಲ್ಲ. ಕಿರ್ಲೋಸ್ಕರವಾಡಿಯ ಹೆಸರೂ ಇಲ್ಲ. ಚಿತ್ರದಲ್ಲಿ ಹೊಟ್ಟೆ ಉಬ್ಬಿದ ಇರುವೆ ಅಂಗಾತ ಮಲಗಿತ್ತು. "ಇದನ್ನ ಹಾಗೇ ಕಳಿಸಿದ್ರಾ?" ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ.

ಬೇಲದ ಹಣ್ಣು

ಹತ್ತು ದಿನಕ್ಕೆ ವಾಚ್‌ಮನ್ ಒಂದು ಕಾರ್ಡು ತಂದುಕೊಟ್ಟರು. ಹೆಸರು ಮಗಳದ್ದು. ಅವ್ವನ ದುಂಡು ಅಕ್ಷರ. ನಾನು ಹಾಸ್ಟೆಲಿನಲ್ಲಿದ್ದಾಗ ಬರುತ್ತಿದ್ದ ಇನ್‌ಲ್ಯಾಂಡ್ ಪತ್ರಗಳ ನಂತರ ಆ ಅಕ್ಷರ ನೋಡಿರಲೇ ಇಲ್ಲ.

"ಚಿರಂಜೀವಿ ಇರುವಿಗೆ ಅಜ್ಜಿಯ ಆಶೀರ್ವಾದಗಳು. ನಿನ್ನ ಕಾರ್ಡು ಮುಟ್ಟಿತು. ಇತ್ತ ಎಲ್ಲಾ ಕ್ಷೇಮ. ಪುಣೆದಾಗ ಬೇಲದ ಹಣ್ಣು ಎಲ್ಲಿ ಸಿಕ್ಕಿತು? ಬೇಲ ಬಹಳ ತಿಂದರ ಹೊಟ್ಟಿ ನೋಯೋದ. ಅಜವಾನ ತಿನ್ನು. ಮೊದಲಿನ ಮೂರು ಕಾರ್ಡು ನಿಮ್ಮಪ್ಪ ಬರದದ್ದು, ಅವಕ್ಕ ಉತ್ತರ ಅವಂಗ ಬರೀತೀನಿ. ಇದು ನಿಂದು. ಹಿಂಗ ಬರಿ."

ನಾನು ಓದಿ ಹೇಳಿದೆ. ಮಗಳು "ಬೇಲ ಅಂದರೇನು?" ಅಂದಳು. ಬೇಲದ ಹಣ್ಣಿನ ಚಿತ್ರ ತೋರಿಸಿದೆ. "ನಾನು ಬೆಲ್ಲ ಬರೆದಿದ್ದೆ!" ಎಂದು ಕಿರುಚಿ, ಪೆನ್ಸಿಲ್ ತಂದು, ಎ ಮತ್ತು ಏ ಯಾವುದು, ಒತ್ತು ಎಲ್ಲಿ ಕೂರುತ್ತದೆ ಎಂದು ತಾನೇ ಕೇಳಿ ಬರೆಸಿಕೊಂಡಳು. ಮೂರು ವಾರ ನಾನು ತಲೆ ಚಚ್ಚಿಕೊಂಡರೂ ಹತ್ತದ ಒತ್ತಕ್ಷರ ಒಂದು ಬೇಲದ ಹಣ್ಣಿನಿಂದ ಹತ್ತಿತು. ಮುಂದಿನ ಕಾರ್ಡಿನ ಮೊದಲ ಸಾಲು: "ಅಜ್ಜಿ, ಬೇಲ ಅಲ್ಲ, ಬೆಲ್ಲ."

ಅಂದಿನಿಂದ ನಾನು ತಿದ್ದುವುದು ಬಿಟ್ಟೆ. ಕೇಳಿದ್ದಕ್ಕಷ್ಟೇ ಹೇಳುವುದು ಎಂದು ನಿಯಮ ಮಾಡಿಕೊಂಡೆ.

ಮೀರಜ್ ದಾಟಿದ ಮೇಲೆ

ಐದನೆಯದು ಮೀರಜ್. ಇರುವೆ ತಂಬೂರಿಯ ಬುರುಡೆಯೊಳಗೆ ಹೊಕ್ಕಿದೆ. ಮೀರಜ್ ಸಿತಾರ್, ತಂಬೂರಿ ಮಾಡುವ ಊರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆನಿಂತದ್ದೂ ಅಲ್ಲೇ. ಚಿತ್ರ ಬಿಡಿಸುವಾಗ ಅವಳಿಗೆ ಇನ್ನೊಂದು ಕಥೆ ಹೇಳಿದೆ. ಇರುವೆ ಹೋಗುತ್ತಿರುವ ದಾರಿಯ ಉಲ್ಟಾ ದಿಕ್ಕಿನಲ್ಲಿ, 1933ರಲ್ಲಿ, ಗದಗಿನಿಂದ ಹನ್ನೊಂದು ವರ್ಷದ ಹುಡುಗನೊಬ್ಬ ಹಾಡು ಕಲಿಸುವ ಗುರು ಬೇಕೆಂದು ಮನೆಬಿಟ್ಟು ರೈಲು ಹತ್ತಿದ. ಟಿಕೆಟ್ಟಿಗೆ ದುಡ್ಡಿಲ್ಲ. ಗ್ವಾಲಿಯರ್, ಕೋಲ್ಕತ್ತ, ದೆಹಲಿ ಎಂದು ಅಲೆದ. ಕೊನೆಗೆ ಅಪ್ಪ ಜಲಂಧರದಲ್ಲಿ ಹುಡುಕಿ ಕರೆತಂದರು. ಗುರು ಸಿಕ್ಕಿದ್ದು ಊರಿನ ಹತ್ತಿರದಲ್ಲೇ, ಕುಂದಗೋಳದ ಸವಾಯಿ ಗಂಧರ್ವರು. ಆ ಹುಡುಗ ಭೀಮಸೇನ ಜೋಶಿ. ಮುಂದೆ ಪುಣೆಯವರಾದರು. ಅವರು 1953ರಲ್ಲಿ ಗುರುವಿನ ಹೆಸರಿನಲ್ಲಿ ಆರಂಭಿಸಿದ ಸಂಗೀತೋತ್ಸವ ಇಂದಿಗೂ ಪುಣೆಯ ಡಿಸೆಂಬರ್ ಚಳಿಯಲ್ಲಿ ನಡೆಯುತ್ತದೆ. "ಅವನು ಅಜ್ಜಿಗೆ ಕಾರ್ಡು ಬರೆದನಾ?" ಎಂದಷ್ಟೇ ಕೇಳಿದಳು.

ಈ ಕಾರ್ಡಿಗೆ ಬಂದ ಉತ್ತರ ನಾನು ನಿರೀಕ್ಷಿಸಿದ್ದಲ್ಲ. ಅವ್ವ ಇನ್‌ಲ್ಯಾಂಡಿನಲ್ಲಿ ಬರೆದಿದ್ದಳು. ಮದುವೆಯಾದ ಹೊಸದರಲ್ಲಿ ಅಪ್ಪನ ಜೊತೆ ಪುಣೆಗೆ ಹೋಗಿದ್ದಳಂತೆ. ಆಗ ಹುಬ್ಬಳ್ಳಿಯಿಂದ ಮೀರಜಿನವರೆಗೆ ಸಣ್ಣ ಗಾಡಿ, ಅಂದರೆ ಮೀಟರ್ ಗೇಜ್. ಮೀರಜಿನಿಂದ ಮುಂದೆ ದೊಡ್ಡ ಗಾಡಿ. ಇಡೀ ದಾರಿ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ. ನಡುರಾತ್ರಿ ಮೀರಜಿನಲ್ಲಿ ಇಳಿದು, ಟ್ರಂಕು ಹೊತ್ತು ಗಾಡಿ ಬದಲಿಸುವಾಗ ಅಪ್ಪ ಚಹಾ ತರಲು ಹೋಗಿ ಗದ್ದಲದಲ್ಲಿ ಕಾಣದಾದರಂತೆ. ಭಾಷೆ ಬಾರದ ಊರಿನ ಪ್ಲಾಟ್‌ಫಾರ್ಮಿನಲ್ಲಿ ಹತ್ತೊಂಬತ್ತರ ಹುಡುಗಿ ಟ್ರಂಕಿನ ಮೇಲೆ ಕೂತು ಅತ್ತಳಂತೆ. "ಮೀರಜದಾಗ ಇಳೀಬ್ಯಾಡ ಇರುವೀ, ಪೆಂಟಿ ಬಿಟ್ಟು ಹೊರಗ ಬರಬ್ಯಾಡ" ಎಂದು ಪತ್ರ ಮುಗಿದಿತ್ತು.

ಮೂವತ್ತೆಂಟು ವರ್ಷ ಮಗನಾಗಿದ್ದೂ ನನಗೆ ಇದು ಗೊತ್ತಿರಲಿಲ್ಲ. ನಾನೂ ಯಾವತ್ತೂ ಕೇಳಿರಲಿಲ್ಲ. ಫೋನಿನಲ್ಲಿ "ಊಟ ಆತೇನ"ದ ಆಚೆ ಹೋಗಲು ನಮಗಿಬ್ಬರಿಗೂ ಪುರಸೊತ್ತು ಇರಲಿಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಆ ಪತ್ರವನ್ನು ಮಗಳಿಗೆ ಓದಿ ಹೇಳುವಾಗ ಎರಡು ಕಡೆ ನಿಲ್ಲಿಸಬೇಕಾಯಿತು.

ಆರನೆಯದು ಕುಡಚಿ. ಶೇಡಬಾಳ, ಉಗಾರ ದಾಟಿದ ಮೇಲೆ ರೈಲು ಕೃಷ್ಣೆಯ ಸೇತುವೆ ಹತ್ತುತ್ತದೆ. "ಕರಾಡದ ನದಿಯೇ ಅಜ್ಜಿ, ನನ್ನ ಹಿಂದೆ ಬಂದಿದೆ. ಟಿಕೆಟ್ ಇಲ್ಲ" ಎಂದು ಬರೆದಳು. ಏಳನೆಯದು ಹುಬ್ಬಳ್ಳಿ. ಅಲ್ಲಿನ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಅದು ಜಗತ್ತಿನಲ್ಲೇ ಅತಿ ಉದ್ದದ್ದು. ಇರುವೆ ಅದನ್ನು ನಡೆದು ದಾಟಲು ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕಿ, ಬೇಸತ್ತು, ಇರುವೆಯನ್ನು ಹಮಾಲನ ಟವೆಲ್ಲಿನ ಮೇಲೆ ಕೂರಿಸಿದಳು.

ಊರು ಮುಟ್ಟಿದ್ದು

ಮೇ ಮೊದಲ ವಾರ ನಾವು ಹೊರಟೆವು. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಪುಣೆ-ಹುಬ್ಬಳ್ಳಿ ವಂದೇ ಭಾರತ್ ಮಧ್ಯಾಹ್ನ ಬಿಡುತ್ತದೆ, ಹಾಗಾಗಿ ಅರ್ಧಕ್ಕಿಂತ ಹೆಚ್ಚು ದಾರಿ ಬೆಳಕಿನಲ್ಲೇ ಕಾಣುತ್ತದೆ. ಪ್ರತಿ ಸಲ ರಾತ್ರಿ ಬಸ್ಸಿನಲ್ಲಿ ಮಲಗಿ ಹೋಗುತ್ತಿದ್ದ ಮಗಳು ಮೊದಲ ಬಾರಿಗೆ ಊರಿನ ದಾರಿ ನೋಡಿದಳು. ಬ್ಯಾಗಿನಲ್ಲಿ ಮಾರ್ಕೆಟ್ ಯಾರ್ಡಿನ ಒಂದು ಪೆಂಟಿ ಬೆಲ್ಲ ಇತ್ತು. ಮೀರಜಿನಲ್ಲಿ ಕೆಳಗಿಳಿದು ನೀರು ತರುತ್ತೇನೆ ಎಂದರೆ ನನ್ನ ಅಂಗಿ ಹಿಡಿದುಕೊಂಡು ಬಿಡಲಿಲ್ಲ. ಮೀರಜಿನ ಆಚೆ ಕಿಟಕಿಗೆ ಮುಖ ಒತ್ತಿ ಕೂತಿದ್ದವಳು ಕನ್ನಡ ಬೋರ್ಡು ಕಂಡಾಗ ಒಂದೊಂದೇ ಅಕ್ಷರ ಕೂಡಿಸಿ "ಉ-ಗಾ-ರ" ಎಂದು ಓದಿದಳು. ಅಷ್ಟು ವೇಗದಲ್ಲಿ ನನಗೂ ಓದಲಾಗಿರಲಿಲ್ಲ, ಬಾಯಿಪಾಠವೇ ಇರಬಹುದು. ಇರಲಿ ಬಿಡಿ.

ರಾತ್ರಿ ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿ ಉಳಿದು ಬೆಳಗ್ಗೆ ಗದಗ ಮುಟ್ಟಿದೆವು. ಅವ್ವ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು "ನಮ್ಮ ಮಹಾಲಿಂಗಪುರದ್ದು ಇದಕ್ಕಿಂತ ಚಲೋ" ಅಂದಳು. ಆಮೇಲೆ ದೇವರ ಕೋಣೆಯ ಗೋಡೆ ತೋರಿಸಿದಳು. ಹಿಂದೆ ಬಂದ ಕಾಗದಗಳನ್ನೆಲ್ಲ ಚುಚ್ಚಿಡುತ್ತಿದ್ದ ಕೊಕ್ಕೆ ತಂತಿ ಅಲ್ಲೇ ಇತ್ತು. ಅದರಲ್ಲಿ ಏಳು ಕಾರ್ಡು. ಮಗಳು ಓಡಿ ಹೋಗಿ ನೋಡಿದವಳು ತಟ್ಟನೆ ಸಪ್ಪಗಾದಳು. ಪ್ರತಿ ಚಿತ್ರದ ನಡುವೆ ತಂತಿಯ ತೂತು. ಅವ್ವನಿಗೆ ಮಾತು ಕೇಳಿಸದಿದ್ದರೂ ಮುಖ ಓದಲು ಬರುತ್ತದೆ. ಒಂದೊಂದೇ ಕಾರ್ಡು ತಂತಿಯಿಂದ ಇಳಿಸಿ, ತೂತಿನ ಮೇಲೆ ಬೆರಳಿಟ್ಟು, "ಇದು ಇರುವಿ ಕೊರದದ್ದು" ಅಂದಳು. ಆ ಮಧ್ಯಾಹ್ನ ಇಬ್ಬರೂ ಕೂತು, ದಬ್ಬಣದಲ್ಲಿ ಅದೇ ತೂತಿನ ಮೂಲಕ ದಾರ ಪೋಣಿಸಿ ಪುಸ್ತಕ ಮಾಡಿದರು. ಮಗಳು ಹೇಳಬೇಕಾದ್ದನ್ನು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದಳು, ಅವ್ವ ಬಾಯಲ್ಲಿ ಉತ್ತರ ಕೊಡುತ್ತಿದ್ದಳು. ಅವರ ಮಾತಿಗೆ ನಡುವೆ ನಾನು ಬೇಕಾಗಲಿಲ್ಲ.

ನೀವೂ ಮಾಡುವುದಾದರೆ

ಮಕ್ಕಳಿಗೆ ಕನ್ನಡ ಕಲಿಸುವ ದಾರಿ ಬೇಕಾದಷ್ಟಿವೆ. ಪುಣೆಯಲ್ಲಿ ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘದ ಕನ್ನಡ ಮಾಧ್ಯಮದ ಶಾಲೆಯೇ ಇದೆ. ತೂಲಿಕಾ ಪ್ರಕಾಶನದ ಕನ್ನಡ ಚಿತ್ರಪುಸ್ತಕಗಳು ಸಿಗುತ್ತವೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳನ್ನು ದುಡ್ಡಿಲ್ಲದೆ ಓದಬಹುದು. ಇವೆಲ್ಲ ಓದುವುದಕ್ಕೆ. ಬರೆಯುವುದಕ್ಕೆ ಮಾತ್ರ ಆ ತುದಿಯಲ್ಲಿ ಕಾಯುವ ಒಬ್ಬರು ಬೇಕು. ನಮ್ಮ ಅನುಭವದಿಂದ ಇಷ್ಟು ಹೇಳಬಹುದು. ಪ್ರಯಾಣ ಮಾಡುವ ಪ್ರಾಣಿಯನ್ನು ಮಗುವೇ ಆರಿಸಲಿ. ದಾರಿ ನಿಮ್ಮೂರಿನ ನಿಜವಾದ ದಾರಿಯಾಗಿರಲಿ. ಚಿತ್ರ ಮೊದಲು, ಮಾತು ಆಮೇಲೆ. ಕಾರ್ಡಿಗೆ ಐದು ಸಾಲು ಸಾಕು. ಬಾಲ್‌ಪೆನ್ನಿನಲ್ಲಿ ಬರೆಯಿರಿ, ಸ್ಕೆಚ್‌ಪೆನ್ನು ಮಳೆಗೆ ಕದಡುತ್ತದೆ. ವಿಳಾಸ, ಪಿನ್‌ಕೋಡು ಮಾತ್ರ ನೀವೇ ನೋಡಿ. ಉಳಿದದ್ದನ್ನು ತಿದ್ದಬೇಡಿ, ತಿದ್ದುವ ಕೆಲಸ ಅಜ್ಜಿಗೆ ಬಿಡಿ.

ಎಂಟನೆಯ ಕಾರ್ಡನ್ನು ಅಜ್ಜಿ-ಮೊಮ್ಮಗಳು ಗದಗಿನಲ್ಲೇ ಬರೆದು ಅಲ್ಲೇ ಡಬ್ಬಿಗೆ ಹಾಕಿದರು. ನನಗೆ ತೋರಿಸಲಿಲ್ಲ. ನಾವು ಬಿಬವೇವಾಡಿಗೆ ಮರಳಿದ ಮೂರನೆಯ ದಿನ ಅದೂ ಬಂತು. ಚಿತ್ರದಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳದ ಮೇಲೆ ಇರುವೆ, ಪಕ್ಕದಲ್ಲಿ ಕನ್ನಡಕದ ಅಜ್ಜಿ. ಕೆಳಗೆ ಎರಡು ಅಕ್ಷರದ ಕೈಬರಹಗಳು. ದುಂಡು ಅಕ್ಷರದಲ್ಲಿ "ಇರುವಿ ನನ್ನ ಕಡೆ ಐತಿ, ಕಾಳಜಿ ಮಾಡಬ್ಯಾಡ." ವಾರೆ ಅಕ್ಷರದಲ್ಲಿ "ಬಾಬಾ, ನೀನು ಅಜ್ಜಿಗೆ ಉತ್ತರ ಬರೆದಿಲ್ಲ."

ನಿಜ. ಉಳಿದ ಕಾರ್ಡುಗಳು ಮೇಜಿನ ಮೇಲಿವೆ. ಈ ಲೇಖನ ಮುಗಿಸಿ ನಾನೂ ಒಂದು ಬರೆಯಬೇಕು.